ಸೆಟ್ಟಿಂಗ್ ಭಾವ

ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯ ಆಚೀಚೆ ಎಷ್ಟು ಊರುಗಳಿವೆಯೋ ಅಷ್ಟು ಸೆಟ್ಟಿಂಗ್ ಭಾವಂದಿರಿದ್ದಾರೆ. ಊರಿಗೊಬ್ಬ. ಇಬ್ಬರಿದ್ದರೆ ಅವರೊಳಗೆ ಮಾತುಕತೆ ಇರುವುದಿಲ್ಲ. ಹೊನ್ನಾವರದ ಹೊಳೆಸಾಲಿನ ಹವ್ಯಕರ ಮನೆಗಳಲ್ಲಿ ಅವನು ಭಾವ. ಭಟ್ಕಳ ಪೇಟೆಯಲ್ಲಿ ಭಾಯ್. ಕುಮಟಾದ ಕೊಂಕಣಿ ಅಂಗಡಿಕಾರರ ಬಾಯಲ್ಲಿ ಮಾಮ್. ಹೆಸರು ಯಾವುದಾದರೂ ಕಸುಬು ಒಂದೇ: ಮನೆಯ ವೈಫೈ ನಿಂತಾಗ ಬಂದು ‘ಸೆಟ್ಟಿಂಗ್’ ನೋಡುವುದು.

ಇವನು ಇಂಜಿನಿಯರಿಂಗ್ ಓದಿದವನಲ್ಲ. ಬಿ.ಕಾಂ. ಮುಗಿಸಿ ಇನ್ಶೂರೆನ್ಸ್ ಏಜೆನ್ಸಿಯನ್ನೋ ಅಡಿಕೆ ತೋಟವನ್ನೋ ನೋಡಿಕೊಂಡಿರುವವನು. 08387 ಎಂದು ಒತ್ತಿ ಊರಿಗೆ ಫೋನ್ ಮಾಡುತ್ತಿದ್ದ ಕಾಲದಲ್ಲಿ, ಅದೇ ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ ಕೇರಿಯ ಮಕ್ಕಳ ಎಸ್ಸೆಸ್ಸೆಲ್ಸಿ ರಿಸಲ್ಟ್ ತೆಗೆದುಕೊಟ್ಟ. ಪಾಸಾದವರು ಅವನ ಕೈಗುಣ ಹೊಗಳಿದರು, ಫೇಲಾದವರು ಮೋಡೆಮನ್ನು ಬೈದರು. ಖ್ಯಾತಿ ಅಲ್ಲಿಂದ ಶುರು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು, ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತರಲ್ಲ, ಆಮೇಲೆ ಅವನಿಗೆ ಉಸಿರಾಡಲೂ ಪುರಸೊತ್ತಿಲ್ಲ.

ಭಾವ ಬಂದವನೇ ರೂಟರ್ ಮುಟ್ಟುವುದಿಲ್ಲ. ಅದು ಮರ್ಯಾದೆಗೆ ಕಡಿಮೆ. ಮೊದಲು ಜಗಲಿಯಲ್ಲಿ ಕೂತು ಆಸ್ರಿಗೆ ಕುಡಿಯಬೇಕು, ಕವಳದ ತಟ್ಟೆ ಹತ್ತಿರ ಎಳೆದುಕೊಳ್ಳಬೇಕು, ಆಮೇಲೆ ವಿಚಾರಣೆ.

“ಯಾರು ಮುಟ್ಟಿದ್ದು ಇದನ್ನ?”

“ಯಾರೂ ಮುಟ್ಟಿದ್ವಿಲ್ಲೆ ಭಾವ.”

“ಮುಟ್ಟದೆ ಹಾಳಾಪ್ಲೆ ಅದಕ್ಕೆ ಹುಚ್ಚಾ?”

ಇಷ್ಟಾದ ಮೇಲೆ ದೀಪ ನೋಡುತ್ತಾನೆ. ‘ಎಲ್‌ಓಎಸ್’ ಎಂಬಲ್ಲಿ ಕೆಂಪು ಮಿನುಗುತ್ತಿದ್ದರೆ ಬೆಳಕು ಫೈಬರಿನಲ್ಲೇ ಬರುತ್ತಿಲ್ಲವೆಂದರ್ಥ. “ಎಲ್ಲೋ ಜೆಸಿಬಿ ಬಂದಿದೆ” ಎಂದು ತೀರ್ಪು ಕೊಟ್ಟು ಇನ್ನೊಂದು ಕವಳ ಹಾಕುತ್ತಾನೆ. ಕೆಂಪು ಇಲ್ಲದಿದ್ದರೆ ಲ್ಯಾಪ್‌ಟಾಪ್ ತೊಡೆಯ ಮೇಲೆ ಬರುತ್ತದೆ. “ಒನ್ ನೈಂಟಿಟೂ ಡಾಟ್ ಒನ್ ಸಿಕ್ಸ್ಟಿಎಯ್ಟ್ ಡಾಟ್ ಒನ್ ಡಾಟ್ ಒನ್” ಎಂದು ಸಂಕಲ್ಪ ಹೇಳಿದಂತೆ ದೊಡ್ಡದಾಗಿ ಹೇಳಿಕೊಂಡೇ ಒತ್ತುತ್ತಾನೆ. ಮನಸ್ಸಿನಲ್ಲಿ ಹೇಳಿಕೊಂಡೂ ಒತ್ತಬಹುದು. ಆದರೆ ಮನೆಯವರಿಗೆ ಕೇಳಬೇಕಲ್ಲ.

ಒಂದು ಮನೆಯ ಅಮ್ಮಮ್ಮ ಮಾತ್ರ ಅವನನ್ನು ತಡೆದು ಕೇಳಿದರು. “ಆಚೆಮನೇಲೂ ಇದೇ ನಂಬರ್ ಹೊಡೆದ್ಯಲ ತಮಾ? ಇಬ್ರಿಗೂ ಒಂದೇ ನಂಬರ್ ಹೆಂಗೆ ಕೊಡ್ತ?”

ಭಾವನಿಗೆ ಇಂಥ ಪ್ರಶ್ನೆ ಅಂದರೆ ಪ್ರಾಣ. 192.168.1.1 ಎನ್ನುವುದು ಮನೆಯೊಳಗಿನ ವಿಳಾಸ. ಹೊಸ್ತಿಲು ದಾಟಿದರೆ ಅದಕ್ಕೆ ಬೆಲೆಯಿಲ್ಲ. ಹಳೇ ಪದ್ಧತಿಯಲ್ಲಿ ಜಗತ್ತಿಗೆಲ್ಲ ಸೇರಿ ಇರುವುದೇ ಸುಮಾರು 429 ಕೋಟಿ ವಿಳಾಸ. ಹೀಗಾಗಿ ಇಂಟರ್ನೆಟ್ಟಿನ ನಿಯಮ ಬರೆಯುವವರು 1996ರಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಮೂರು ಗುಂಪಿನ ನಂಬರುಗಳನ್ನು ಖಾಸಗಿ ಬಳಕೆಗೆಂದು ಗೊತ್ತುಮಾಡಿದರು. 10ರಿಂದ ಶುರುವಾಗುವವು ಒಂದು ಗುಂಪು, 172.16ರಿಂದ 172.31ರವರೆಗಿನವು ಇನ್ನೊಂದು, 192.168 ಮೂರನೆಯದು. ಯಾರ ಮನೆಯಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಅಮ್ಮಮ್ಮ ಎಲ್ಲ ಕೇಳಿ, “ಅಂದ್ರೆ ಎಲ್ಲರ ಮನೆ ಅಡುಗೆಮನೆಗೂ ಅಡುಗೆಮನೆ ಅಂತ್ಲೇ ಹೆಸರು. ಇಷ್ಟೇಯಲ?” ಅಂದರು. ಭಾವನ ಅರ್ಧ ಗಂಟೆಯ ಉಪನ್ಯಾಸ ಒಂದು ಸಾಲಿನಲ್ಲಿ ಮುಗಿದುಹೋಯಿತು. ಅವತ್ತು ಅವನು ಕವಳ ಹಾಕದೇ ಎದ್ದ.

ಅವನ ನಿಜವಾದ ವಿದ್ಯೆ ಕಾಣಬೇಕಾದರೆ ಹಳೇ ಚಿರೇಕಲ್ಲಿನ ಮನೆಗೆ ಬರಬೇಕು. ಅಂಥ ದಪ್ಪ ಗೋಡೆ ದಾಟಿ ಜಗಲಿಯ ವೈಫೈ ಅಡುಗೆಮನೆ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಗೋಡೆ ನೀರು ಕುಡಿದು ಕೂತರೆ ಇನ್ನೂ ಕಷ್ಟ. ಬೆಂಗಳೂರಿನ ಮಗ ರಜೆಗೆ ಬಂದಾಗ ಬಾಡಿಗೆ ಮನೆಯ ಹಳೇ ರೂಟರ್ ಒಂದನ್ನು ತಂದು, ಕೇಬಲ್ ಎಳೆದು, ಒಳಗೆ ಸಿಕ್ಕಿಸಿ ಹೋಗಿರುತ್ತಾನೆ. ಅವನು ರೈಲು ಹತ್ತುವವರೆಗೆ ಎಲ್ಲ ಸರಿ. ಮರುದಿನದಿಂದ ಯಕ್ಷಗಾನದ ಲೈವ್‌ನಲ್ಲಿ ಭಾಗವತರು ಆಲಾಪನೆ ತೆಗೆದಲ್ಲೇ ಬಾಯಿ ತೆರೆದು ನಿಲ್ಲುತ್ತಾರೆ.

ಭಾವ ಇದನ್ನು ಊಟದ ಪಂಕ್ತಿಯಿಂದ ವಿವರಿಸುತ್ತಾನೆ. ರೂಟರಿನೊಳಗೆ ಡಿಎಚ್‌ಸಿಪಿ ಅಂತ ಒಬ್ಬನಿದ್ದಾನೆ. ಬಂದ ಬಂದ ಫೋನು, ಟಿವಿಗೆ ಜಾಗ ತೋರಿಸಿ ಎಲೆ ಹಾಕುವುದು ಅವನ ಕೆಲಸ. ಈಗ ಎರಡು ರೂಟರಲ್ಲಿ ಎಲೆ ಹಾಕುವವರು ಇಬ್ಬರು. ಒಬ್ಬ ಹಾಕಿದ ಎಲೆಗೆ ಇನ್ನೊಬ್ಬ ಬೇರೆಯವರನ್ನು ತಂದು ಕೂರಿಸುತ್ತಾನೆ. ಅನ್ನ ಬಡಿಸುವವ ಯಾರಿಗೆ ಬಡಿಸಬೇಕು? ಸಾಲದ್ದಕ್ಕೆ ಇಬ್ಬರೂ 192.168.1.1 ತಾನೇ ಎನ್ನುತ್ತಿದ್ದಾರೆ.

ಉಪಾಯ ಸುಲಭದ್ದು. ಒಳಗಿನ ರೂಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡುವುದು, ಅದರ ಡಿಎಚ್‌ಸಿಪಿಯನ್ನು ಬಂದ್ ಮಾಡುವುದು, ಕೇಬಲನ್ನು ಬಣ್ಣದ ವ್ಯಾನ್ ತೂತಿಗೆ ಹಾಕದೆ ಪಕ್ಕದ ಲ್ಯಾನ್ ತೂತಿಗೆ ಹಾಕುವುದು. ವಿಳಾಸ ಬದಲಿಸಿ ‘ಸೇವ್’ ಒತ್ತಿದ ಕೂಡಲೇ ಪರದೆಯ ಮೇಲಿನ ಪುಟ ಮಾಯ. ಮನೆಯವರೆಲ್ಲ “ಹೋತು!” ಎನ್ನುತ್ತಾರೆ. ಭಾವ ಮಾತಾಡುವುದಿಲ್ಲ. ರೂಟರ್ ಅಲ್ಲೇ ಇದೆ, ವಿಳಾಸ ಮಾತ್ರ ಬೇರೆಯಾಗಿದೆ, ಹೊಸ ನಂಬರ್ ಹೊಡೆದರೆ ಪುಟ ಬರುತ್ತದೆ ಎಂಬುದು ಅವನೊಬ್ಬನಿಗೆ ಗೊತ್ತು. ಆದರೂ ತಕ್ಷಣ ಹೊಡೆಯುವುದಿಲ್ಲ. ಅಡಿಕೆ ಕತ್ತರಿಸುತ್ತಾ ಎರಡು ನಿಮಿಷ ಸುಮ್ಮನಿರುತ್ತಾನೆ. ಅವನ ಇಡೀ ಜೀವನದ ಘನತೆ ಇರುವುದು ಆ ಎರಡು ನಿಮಿಷದಲ್ಲಿ.

ಭಟ್ಕಳದ ಭಾಯ್‌ಗೆ ಬೇರೆ ನಮೂನೆಯ ಕಷ್ಟ. ಅಲ್ಲಿ ಮಕ್ಕಳು ದುಬೈಯಲ್ಲಿ, ಅಪ್ಪ ಅಮ್ಮ ದೊಡ್ಡ ಮನೆಯಲ್ಲಿ, ಗೇಟಿಗೊಂದು ಕ್ಯಾಮೆರಾ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಮಗ ರಾತ್ರಿ ಹತ್ತಕ್ಕೆ ಫೋನ್ ತೆಗೆದರೆ ಇಲ್ಲಿ ಹನ್ನೊಂದೂವರೆ. “ಭಾಯ್, ಗೇಟ್ ಕಾಣ್ತಾ ಇಲ್ಲ!” ಭಾಯ್‌ಗೆ ಗೇಟು ಇದ್ದಲ್ಲೇ ಇದೆಯೆಂದು ಗೊತ್ತು. ಆಗಿದ್ದೇನೆಂದರೆ, ಮನೆಗೆ ಹೊಸ ಕಂಪನಿಯ ಫೈಬರ್ ಬಂದಿದೆ. ಹಳೇ ರೂಟರ್ 192.168.1.1, ಹೊಸದು 192.168.0.1. ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಮಾತ್ರ ಯಾವಾಗಲೋ ಕೈಯಾರೆ ಕೊಟ್ಟ 192.168.1.108ನ್ನೇ ಹಿಡಿದು ಕೂತಿದೆ. ಸಬ್‌ನೆಟ್ ಮಾಸ್ಕ್ 255.255.255.0 ಇದ್ದಲ್ಲಿ ಚುಕ್ಕಿಗಳ ನಡುವಿನ ಮೊದಲ ಮೂರು ಸಂಖ್ಯೆ ಒಂದೇ ಇರಬೇಕು, ಇಲ್ಲದಿದ್ದರೆ ಒಬ್ಬರಿಗೊಬ್ಬರು ಸಿಗುವುದಿಲ್ಲ. ಡಿವಿಆರ್‌ಗೆ 192.168.0.108 ಎಂದೂ ಗೇಟ್‌ವೇಗೆ 192.168.0.1 ಎಂದೂ ಕೊಟ್ಟರೆ ದುಬೈಯಲ್ಲಿ ಗೇಟು ಕಾಣುತ್ತದೆ, ಮಲಗಿದ ನಾಯಿಯ ಸಮೇತ.

ಅದೇ ಮನೆಯ ಅಮ್ಮನ ದೂರು, “ಮಗನಿಗೆ ವಾಟ್ಸ್‌ಆ್ಯಪ್ ಕಾಲ್ ಹೋಗುದಿಲ್ಲ, ನಿನ್ನ ರೂಟರ್ ಸರಿ ಇಲ್ಲ.” ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿದೆ, ಅದಕ್ಕೇ ಅಲ್ಲಿಯವರು ಬೋಟಿಮ್ ಬಳಸುವುದು ಎಂದು ಭಾಯ್ ಹೇಳುತ್ತಾನೆ. ಒಂದು ದೇಶದ ಕಾನೂನನ್ನೂ ತನ್ನ ಸೆಟ್ಟಿಂಗ್ ಲೆಕ್ಕಕ್ಕೇ ಬರೆದರಲ್ಲ ಎಂಬ ಬೇಸರ ಅವನಿಗಿಲ್ಲ, ಒಳಗೊಳಗೇ ಹೆಮ್ಮೆ.

ಕುಮಟಾದ ಮಾಮ್ ದೇವರ ವಿಷಯದಲ್ಲೂ ಸಿಕ್ಕಿಬಿದ್ದವನು. ಪೇಟೆಯ ಅಂಗಡಿಕಾರರೊಬ್ಬರಿಗೆ ವೈಫೈ ಹೆಸರು ಕನ್ನಡದಲ್ಲೇ ‘ಶ್ರೀ ಮಹಾಗಣಪತಿ’ ಎಂದು ಬರಬೇಕು. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಒಂದೊಂದಕ್ಕೂ 3 ಬೈಟ್ ಬೇಕು. ‘ಶ್ರೀ ಮಹಾಗಣಪತಿ’ 37 ಬೈಟ್ ಆಗುತ್ತದೆ, ರೂಟರ್ ಒಪ್ಪಲಿಲ್ಲ. ‘ಮಹಾ’ ಬಿಟ್ಟರೆ 28, ಆರಾಮ. ದೇವರಿಂದ ‘ಮಹಾ’ ತೆಗೆಯುವುದಕ್ಕೆ ಅಂಗಡಿಕಾರರು ಒಪ್ಪಲಿಲ್ಲ. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಗಣಪತಿ ಮಹಾಗಣಪತಿಯೇ ಆಗಿ ಉಳಿದ. ಪಾಸ್‌ವರ್ಡ್ ಮಾತ್ರ ಅಂಗಡಿಯ ಫೋನ್ ನಂಬರು, ಇಡೀ ಪೇಟೆಗೆ ಗೊತ್ತಿರುವಂಥದ್ದು.

ಪಾಸ್‌ವರ್ಡ್ ವಿಷಯಕ್ಕೆ ಬಂದರೆ ಭಾವನ ಗುಟ್ಟು ಹೊರಬೀಳುತ್ತದೆ. ರೂಟರಿನೊಳಗೆ ಹೋಗಲು ಕಂಪನಿ ಕೊಟ್ಟ ‘ಅಡ್ಮಿನ್, ಅಡ್ಮಿನ್’ ಹಾಗೇ ಇಡುವುದು ಅಪಾಯ ಎಂದು ಅವನು ಎಲ್ಲ ಮನೆಗಳಲ್ಲೂ ಬದಲಿಸಿದ್ದಾನೆ. ಸರಿಯಾದ ಕೆಲಸವೇ. ಏನೆಂದು ಬದಲಿಸಿದ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಅವನು ಮದುವೆಗೆಂದು ಘಟ್ಟ ಹತ್ತಿದ ದಿನವೇ ನೆಟ್ ಹೋಗುತ್ತದೆ, ಪಿಯುಸಿ ಓದುವ ಮಾಣಿಯೊಬ್ಬ ಅತ್ತೆಯ ಸೇಫ್ಟಿ ಪಿನ್ ಇಸಕೊಂಡು ರೂಟರ್ ಹಿಂದಿನ ಸಣ್ಣ ತೂತಿಗೆ ಹತ್ತು ಸೆಕೆಂಡ್ ಒತ್ತುತ್ತಾನೆ. ರೀಸೆಟ್! ಪಾಸ್‌ವರ್ಡೇನೋ ಮತ್ತೆ ‘ಅಡ್ಮಿನ್’ ಆಯಿತು, ಜೊತೆಗೆ ಕಂಪನಿಗೆ ಲಾಗಿನ್ ಆಗುವ ಪಿಪಿಪಿಓಇ ಹೆಸರು, ಗುಪ್ತಪದ ಎಲ್ಲ ಅಳಿಸಿಹೋಯಿತು. ಅದು ಯಾರ ಹತ್ತಿರವೂ ಬರೆದಿಟ್ಟಿಲ್ಲ. ಭಾವ ಮದುವೆಮನೆಯಿಂದಲೇ ಫೋನಿನಲ್ಲಿ ಬೈಯುತ್ತಾನೆ. ಆ ಬೈಗುಳದಲ್ಲಿ ಒಂದು ಸಂತೋಷವೂ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಭಾವ ದುಡ್ಡು ಮುಟ್ಟುವುದಿಲ್ಲ. ಹಲಸಿನ ಹಪ್ಪಳ ಕೊಟ್ಟರೆ ಬೇಡವೆನ್ನುವುದಿಲ್ಲ. ಮೇ ತಿಂಗಳಲ್ಲಿ ಗುಡುಗು ಕೇಳಿದರೆ ತಾನೇ ಮನೆಮನೆಗೆ ಫೋನ್ ಮಾಡಿ “ಪ್ಲಗ್ ತೆಗೀರಿ” ಎನ್ನುತ್ತಾನೆ. ಅವನಿಗೆ ಬೇಕಾಗಿರುವುದು ಒಂದೇ, ಜನ ತನ್ನನ್ನು ಕರೆಯುತ್ತಿರಬೇಕು. ನಮಗೆ ಬೇಕಾಗಿರುವುದೂ ಒಂದೇ, ನಾವೇನೂ ಕಲಿಯಬಾರದು. ಈ ಒಪ್ಪಂದದ ಮೇಲೆ ಮೂರು ತಾಲೂಕಿನ ಇಂಟರ್ನೆಟ್ ನಿಂತಿದೆ.

ಆದರೂ ಒಂದು ಮಾತು. ಮುಂದಿನ ಸಲ ಭಾವ ಬಂದಾಗ ಕಾಗದ, ಪೆನ್ನು ಹಿಡಿದು ಎದುರಿಗೆ ಕೂರಿ. ರೂಟರಿನ ವಿಳಾಸ, ಅಡ್ಮಿನ್ ಪಾಸ್‌ವರ್ಡ್, ಪಿಪಿಪಿಓಇ ವಿವರ, ಕ್ಯಾಮೆರಾದ ವಿಳಾಸ ಇಷ್ಟನ್ನೂ ಬರೆಸಿಕೊಂಡು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ. ಅವನು ಮುಖ ಸಣ್ಣ ಮಾಡಿದರೆ ಹೆದರಬೇಡಿ. ನಾಲ್ಕು ದಿನ ಬಿಟ್ಟು, ಪ್ರಿಂಟರ್ ಕೈಕೊಟ್ಟಿದೆ ಎಂದು ಫೋನ್ ಮಾಡಿ. ಓಡಿ ಬರುತ್ತಾನೆ.