ಸ್ಟ್ರಿಂಗ್‌ಸಂಧಿ ಪ್ರಕರಣಂ

13ನೇ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನಾದರೂ ಪ್ರೋಗ್ರಾಮಿಂಗ್ ಭಾಷೆಗಳ ಗೊಡವೆಗೆ ಹೋಗಲಿಲ್ಲ. ಆ ಕೊರತೆ ನೀಗಿಸಲು, ಬೆಳಗ್ಗೆ ಪೈಥಾನ್, ಇಳಿಹೊತ್ತಿಗೆ ಜಾವಾಸ್ಕ್ರಿಪ್ಟ್, ಬೈಸಿಕೊಂಡ ದಿನ ಪಿಎಚ್‌ಪಿ ಬರೆಯುವ ಈ ಅಲ್ಪಮತಿಯು ಹೊರಟಿದ್ದಾನೆ. ಬಲ್ಲವರು ಮನ್ನಿಸುವುದು.

ಸೂತ್ರ: ಕೂಡುವ ಚಿಹ್ನೆಯನ್ನು ನಂಬತಕ್ಕದ್ದಲ್ಲ.

ವೃತ್ತಿ: ಜಾವಾಸ್ಕ್ರಿಪ್ಟಿನಲ್ಲಿ ಉದ್ಧರಣ ಚಿಹ್ನೆಯೊಳಗಿನ 1ಕ್ಕೆ ಬರಿಯ 1 ಕೂಡಿಸಿದರೆ 11, ಕಳೆದರೆ 0. ಮಳೆ, ಕಾಲ ಸೇರುವಾಗ ಕಕಾರ ಗಕಾರವಾದಂತೆ ಇಲ್ಲಿ ಸಂಖ್ಯೆಯೇ ಅಕ್ಷರವಾಗುವುದರಿಂದ ಇದು ಆದೇಶಸಂಧಿ. ಪೈಥಾನ್ ಅದೇ ಕೂಡುವಿಕೆಗೆ ಟೈಪ್‌ಎರರ್ ಎಂದು ಮುಖ ತಿರುಗಿಸುತ್ತದೆ. 'ಅಣ್ಣಾ ಓಡಿ ಬಾ' ಎಂಬಲ್ಲಿ ಸಂಧಿಯಾಗದಿರುವುದನ್ನು ವೈಯಾಕರಣರು ಪ್ರಕೃತಿಭಾವ ಎನ್ನುತ್ತಾರೆ. ನಮ್ಮ ಮ್ಯಾನೇಜರು 'ಇನ್ನೂ ಆಗಿಲ್ವಾ?' ಎನ್ನುತ್ತಾರೆ. ಜಾವಾದಲ್ಲಿ ಶ್ರೀಕಾರದ ಮುಂದೆ ಬರಬೇಕಾದ ಹೆಸರು ನಲ್ ಆಗಿದ್ದರೆ 'ಶ್ರೀ ನಲ್' ಎಂದೇ ಅಚ್ಚಾಗುತ್ತದೆ. ಯಕಾರಾಗಮ, ವಕಾರಾಗಮಗಳ ಪಕ್ಕದಲ್ಲಿ ನಲ್ಲಾಗಮಕ್ಕೂ ಒಂದು ಮಣೆ ಹಾಕಬೇಕಾಗಿದೆ.

ಲೋಪಸಂಧಿಗೆ ಸಿ ಭಾಷೆಯೇ ಗತಿ. ಅಲ್ಲಿ 'ರಾಮಣ್ಣ'ನಿಗೆ 3 ಕೂಡಿಸಿದರೆ ಬರುವುದೇನೂ ಇಲ್ಲ, ಹೋಗುವುದೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್; ಹಾಗಾಗಿ ರಕಾರ ಜಾರಿ, ಅದರ ದೀರ್ಘ ಮಾತ್ರ ಚುಕ್ಕಿಗಳ ಬಳೆಯೊಂದಕ್ಕೆ ಜೋತುಬಿದ್ದು, ಪಕ್ಕದಲ್ಲಿ 'ಮಣ್ಣ' ಉಳಿಯುತ್ತದೆ. 1 ಕೂಡಿಸಿದಿರೋ, ಅಕ್ಷರದ ನಡುವಿಗೇ ಕೊಡಲಿ.

ಮತಭೇದಗಳಿಗೆ ಕೊನೆಯಿಲ್ಲ. ಪರ್ಲ್, ಪಿಎಚ್‌ಪಿಗಳದು ಒಂದು ಚುಕ್ಕಿ, ಲುವಾದ್ದು ಎರಡು. ಜೂಲಿಯಾ ಪಂಥದವರು ಪದಗಳನ್ನು ಗುಣಿಸುತ್ತಾರೆ: ಎಡಬಲ ಅದಲುಬದಲಾದರೆ ಫಲವೂ ಬದಲಾಗುವ ಕ್ರಿಯೆಗೆ ಕೂಡುವ ಚಿಹ್ನೆ ಸಲ್ಲದು ಎಂಬುದು ಅವರ ವಾದ. (ತರ್ಕ ಸರಿಯಾಗಿಯೇ ಇದೆ, ಅದೇ ಬೇಸರ.) ಪಟ್ಟಿಯನ್ನು ಪೋಣಿಸುವಾಗ ಜಾವಾಸ್ಕ್ರಿಪ್ಟಿನಲ್ಲಿ ಹೂಗಳು ದಾರವನ್ನು ಕರೆಯುತ್ತವೆ, ಪೈಥಾನಿನಲ್ಲಿ ದಾರ ಹೂಗಳನ್ನು ಕರೆಯುತ್ತದೆ. ಭಾಷೆ ಬದಲಿಸಿದ ಸೋಮವಾರ ಎರಡೂ ಓಗೊಡುವುದಿಲ್ಲ.

ಇನ್ನು ಖಾಲಿ ಬಿಟ್ಟು ತುಂಬುವ ವಿದ್ಯೆ. 2016ರ ಪೈಥಾನ್ 3.6ರಲ್ಲಿ ಎಫ್-ಸ್ಟ್ರಿಂಗ್ ಅವತರಿಸಿದ ಮೇಲೆ ಇದು ಸುಲಭವಾಯಿತೆಂದು ಪ್ರತೀತಿ. ನಾನೂ ನಂಬಿ, ಬಸ್ ಟಿಕೆಟ್ಟಿಗಾಗಿ ಪುಷ್ಪಾವರಣದೊಳಗೆ ಊರನ್ನಿಟ್ಟು ಹೊರಗೆ 'ಗೆ' ಅಂಟಿಸಿದೆ. ಮಡಿಕೇರಿ ಹಾಕಿ ನೋಡಿದೆ: ಮಡಿಕೇರಿಗೆ. ಆಹಾ! ಮರುದಿನ ಜನ 'ಮಂಡ್ಯಗೆ', 'ಹಾಸನಗೆ', 'ಮೈಸೂರುಗೆ' ಹೊರಟಿದ್ದರು. 'ಕ್ಕೆ' ಎಂದು ತಿದ್ದಿದೆ. ಮಂಡ್ಯ, ಹಾಸನ ನೆಟ್ಟಗಾದವು. 'ಮಡಿಕೇರಿಕ್ಕೆ' ಬಸ್ ಬಿತ್ತು, ಮೈಸೂರು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಚತುರ್ಥಿಯ ಸಹವಾಸವೇ ಬೇಡವೆಂದು 'ತಲುಪುವ ಊರು: ಮೈಸೂರು' ಎಂದು ಅಚ್ಚು ಹಾಕಿಸಿದೆ.

ಟಿಕೆಟ್ ನೋಡಿ ಅಮ್ಮ ಕೇಳಿದಳು: "ಮೈಸೂರಿಗೆ ಅಂತ ಬರೆಯೋಕೆ ಏನೋ ಕಷ್ಟ ನಿಂಗೆ?"