ಬಾಲ್ಕನಿಯ ಬಿಯರ್ ಶಾಸ್ತ್ರಿಗಳು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಿಯರ್ ಶಾಸ್ತ್ರಿಗಳೆಂಬ ಒಂದು ತಳಿ ಬೆಳೆದಿದೆ. 2010ರ ಆಸುಪಾಸಿನಲ್ಲಿ ಊರಿಗೆ ಕಾಲಿಟ್ಟ ಮೈಕ್ರೋಬ್ರೂವರಿಗಳಲ್ಲಿ ಗೋಧಿ ಬಿಯರಿನ ರುಚಿ ನೋಡಿ, ಆಮೇಲೆ ಬಿಲ್ಲನ್ನೂ ನೋಡಿ, ಇನ್ನು ಮನೆಯಲ್ಲೇ ಎಂದು ಸಂಕಲ್ಪ ಮಾಡಿಕೊಂಡವರು ಇವರು. ಕುಡುಕರೆಂದು ಇವರನ್ನು ಬೈಯುವುದು ಅನ್ಯಾಯ. ನಿಜಕ್ಕೂ ಇವರು ಮಡಿವಂತರು. ಶನಿವಾರದ ಆ ಗ್ಲಾಸನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಮಗ ಅದರಲ್ಲಿ ಹಾಲು ಕುಡಿದನೋ, ಮನೆಯೆಲ್ಲ ಮೈಲಿಗೆ. ಅಜ್ಜಿಯ ಉಪ್ಪಿನಕಾಯಿ ಜಾಡಿಗೂ ಇಂಥ ಕಾವಲಿರಲಿಲ್ಲ.

ಇದೆಲ್ಲ ಶೋಕಿ ಎನ್ನುವವರಿದ್ದಾರೆ. ಆದರೆ ಈ ಮಡಿಯ ಒಂದೊಂದು ಕಟ್ಟಳೆಗೂ ಕಾರಣವಿದೆ. ಗ್ಲಾಸಿನಲ್ಲಿ ಹಾಲಿನ ಜಿಡ್ಡು ಚೂರು ಉಳಿದರೂ ನೊರೆ ನಿಲ್ಲುವುದಿಲ್ಲ. ನೊರೆ ಒಡೆಯುತ್ತ ಹೋದಂತೆ ಬಿಯರಿನ ಘಮ ಮೂಗಿಗೆ ಬರುತ್ತದೆ. ಬಾಟಲಿಗೇ ಬಾಯಿ ಹಚ್ಚುವವನಿಗೆ ಆ ಭಾಗ್ಯವಿಲ್ಲ. ಅದಕ್ಕೇ ಶಾಸ್ತ್ರಿಗಳು ಗ್ಲಾಸನ್ನು ಮೊದಲು ಓರೆ ಹಿಡಿದು, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ, ಎರಡು ಬೆರಳು ನೊರೆ ಬರುವಂತೆ ಸುರಿಯುತ್ತಾರೆ. ಅಂಗಡಿಯಲ್ಲಿ ಬಾಟಲಿ ತಿರುಗಿಸಿ ತಾರೀಖು ಓದುತ್ತಾರೆ, ಬಿಸಿಲು ಬೀಳುವ ಸಾಲಿನದನ್ನು ವಾಪಸ್ ಕೊಡುತ್ತಾರೆ. ಹಿಂದೆ ನಿಂತವರು ಗೊಣಗಲಿ, ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ನಾತ ಹುಟ್ಟುವುದು ರಸಾಯನಶಾಸ್ತ್ರ. ಕಂದು ಗಾಜು ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ.

ಬಿಯರೆಂದರೆ ಚಿಲ್ಡ್ ಇರಬೇಕು, ಮಿಕ್ಕಿದ್ದೆಲ್ಲ ಪುರಾಣ ಎಂಬ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಅತಿ ತಣ್ಣಗಾದರೆ ನಾಲಗೆ ಮರಗಟ್ಟಿ ರುಚಿ ತಿಳಿಯುವುದಿಲ್ಲ, ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿಯೇ ಒಡೆಯುತ್ತದೆ, ಅದೆಲ್ಲ ಸರಿ. ಆದರೆ ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಸ್ಟ್ರಾಂಗ್ ಬಿಯರ್. ಅದರ ರುಚಿ ಪೂರ್ತಿ ತಿಳಿದುಬಿಟ್ಟರೆ ಎರಡನೇ ಗುಟುಕಿಗೆ ಧೈರ್ಯ ಬೇಕು. ಹಾಗಾಗಿ ಸ್ಟ್ರಾಂಗಿಗೆ ಚಳಿಯೇ ದಯೆ, ರುಚಿ ನೋಡುವ ಶಾಸ್ತ್ರವೇನಿದ್ದರೂ ಗೋಧಿ ಬಿಯರಿಗೆ ಇರಲಿ.

ಶಾಸ್ತ್ರಿಗಳು ಎಡವುವುದು ಜ್ಞಾನದಲ್ಲಲ್ಲ, ಲೆಕ್ಕಾಚಾರದಲ್ಲಿ. ಒಬ್ಬರೇ ನಿಧಾನವಾಗಿ ಕುಡಿಯುವವರಿಗೆ 330 ಮಿಲಿಯ ಬಾಟಲಿಯೇ ಸರಿ ಎಂದು ಅವರ ಶಾಸ್ತ್ರವೇ ಹೇಳುತ್ತದೆ. ಮಿಲಿಗೆಷ್ಟು ಬಿತ್ತೆಂದು ಭಾಗಿಸಿ ನೋಡಿ ಕೊನೆಗೆ 650ರದ್ದನ್ನೇ ತರುತ್ತಾರೆ. ಕಾಂಗ್ರೆಸ್ ಕಡಲೆಬೀಜ ಮೆಲ್ಲುತ್ತ ನೊರೆಯ ಮಹಿಮೆಯನ್ನು ಪಕ್ಕದ ಫ್ಲಾಟಿನವರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಗ್ಲಾಸಿನ ನೊರೆ ಇಳಿದಿರುತ್ತದೆ, ಬಾಟಲಿಯ ಅರ್ಧ ಬೆಚ್ಚಗಾಗಿರುತ್ತದೆ. ಚೆಲ್ಲಲು ಮನಸ್ಸು ಬಾರದೆ ಅದರ ಬಾಯಿಗೆ ಸ್ಟೀಲ್ ಲೋಟ ಕವುಚಿ ಫ್ರಿಜ್ಜಿಗೆ ಸೇರಿಸುತ್ತಾರೆ. ಗ್ಯಾಸೆಲ್ಲ ಹೋದ ಆ ಬಾಟಲಿಯ ಭವಿಷ್ಯ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ತೀರ್ಮಾನವಾಗುತ್ತದೆ: "ರೀ, ನಿಮ್ಮ ತೀರ್ಥ ಕುಡೀತೀರೋ, ಕರಿಬೇವಿನ ಗಿಡಕ್ಕೆ ಹಾಕ್ಲೋ? ದೋಸೆ ಹಿಟ್ಟಿಡೋಕೆ ಜಾಗ ಇಲ್ಲ."