ಕ್ಷೌರಮೀಮಾಂಸೆಗೊಂದು ಪೀಠಿಕೆ

ತಮ್ಮ ಗಡ್ಡ ತಾವೇ ಬೋಳಿಸಿಕೊಳ್ಳದ ಎಲ್ಲರಿಗೂ, ಅಂಥವರಿಗೆ ಮಾತ್ರ, ಕ್ಷೌರ ಮಾಡುವ ಕ್ಷೌರಿಕ ಊರಲ್ಲಿದ್ದರೆ ಅವನ ಗಡ್ಡ ಯಾರು ಬೋಳಿಸಬೇಕು? ಬರ್ಟ್ರಂಡ್ ರಸೆಲ್ 1918ರ ಉಪನ್ಯಾಸಗಳಲ್ಲಿ ಪ್ರಸ್ತಾಪಿಸಿದ ಈ ಒಗಟಿಗೆ, ಅಂಥ ಕ್ಷೌರಿಕ ಇರಲು ಸಾಧ್ಯವೇ ಇಲ್ಲ ಎಂದು ಹೇಳಿ ತರ್ಕಶಾಸ್ತ್ರ ಕೈ ತೊಳೆದುಕೊಂಡಿತು. ನಮ್ಮ ಯಾವುದಾದರೂ ಕಟಿಂಗ್ ಶಾಪಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದರೆ ಉತ್ತರ ಸಿಗುತ್ತಿತ್ತು: ಪಕ್ಕದ ಕುರ್ಚಿಯವನು, ಸೋಮವಾರ ರಾತ್ರಿ, ಶಟರ್ ಅರ್ಧ ಎಳೆದ ಮೇಲೆ. ಮಂಗಳವಾರದ ರಜೆ ಗೊತ್ತಿಲ್ಲದ ದೇಶದಲ್ಲಿ ಹುಟ್ಟಿದ್ದು ರಸೆಲ್ಲನ ತಪ್ಪಲ್ಲ.

ಪ್ರಸ್ತುತ ಪ್ರಬಂಧದ ವಸ್ತು ಇನ್ನೂ ಜಟಿಲವಾದದ್ದು. ಕತ್ತರಿ ಒಂದು ಸಲ ಕೂದಲು ಕತ್ತರಿಸಿದರೆ ನಾಲ್ಕು ಸಲ ಗಾಳಿ ಕತ್ತರಿಸುತ್ತದೆ. ಬಾಚಣಿಗೆ ತಲೆಯಿಂದೆದ್ದು ಮತ್ತೆ ತಲೆಗಿಳಿಯುವ ಸಂಧಿಯಲ್ಲಿ ಚಕ್ ಚಕ್ ಚಕ್ ಎಂದು ನಡೆಯುವ ಈ ಕ್ರಿಯೆಯನ್ನು ಶಾಸ್ತ್ರದ ಅನುಕೂಲಕ್ಕಾಗಿ ‘ಶೂನ್ಯಕರ್ತನ’ ಎನ್ನೋಣ. ಇದರ ಪ್ರಯೋಜನವೇನು?

ನಾದವಾದಿಗಳ ಪ್ರಕಾರ ಇದು ತಾಳ. ಸವಿತಾ ಸಮಾಜದ ಎಷ್ಟೋ ಮನೆಗಳಲ್ಲಿ ಕತ್ತರಿಯ ಜೊತೆಗೇ ನಾಗಸ್ವರ, ಡೋಲು ಇವೆ. ಲಗ್ನದ ದಿನ ಅಂಗಡಿಗೆ ಬೀಗ ಹಾಕಿ ವಾಲಗಕ್ಕೆ ಹೊರಡುವವರಿದ್ದಾರೆ. ಗಟ್ಟಿಮೇಳ ಬಾರಿಸಿದ ಕೈ ಕತ್ತರಿ ಹಿಡಿದಾಗ ಸುಮ್ಮನಿದ್ದೀತೇ? ವಾದ ಇಂಪಾಗಿದೆ. ಆದರೆ ವಾಲಗದ ಗಂಧವೇ ಇಲ್ಲದ, ಉತ್ತರಪ್ರದೇಶದಿಂದ ಬೆಂಗಳೂರಿಗೆ ಬಂದು ಕತ್ತರಿ ಹಿಡಿದ ಹುಡುಗನ ಕೈಯಲ್ಲೂ ಅದೇ ಚಕ್ ಚಕ್ ಏಕೆ ಎಂದು ಕೇಳಿದರೆ ನಾದವಾದಿಗಳು ಶ್ರುತಿ ಸರಿಮಾಡಿಕೊಳ್ಳತೊಡಗುತ್ತಾರೆ.

ಅರ್ಥವಾದಿಗಳದ್ದು ಬೇರೆಯೇ ಲೆಕ್ಕ. ನೆತ್ತಿ ಬಯಲಾದ ಗಿರಾಕಿಯೂ ಪೂರ್ತಿ ರೇಟು ಕೊಡುತ್ತಾನೆ. ಕೂದಲಿಲ್ಲದಿದ್ದರೆ ಸದ್ದನ್ನಾದರೂ ಪೂರ್ತಿ ಕೊಡಬೇಕಲ್ಲ! ಪ್ರಬಂಧಕಾರನ ನೆತ್ತಿಯ ಸದ್ಯದ ಸ್ಥಿತಿಯಿಂದಾಗಿ ಈ ಪಕ್ಷದ ಬಗ್ಗೆ ನಿಷ್ಪಕ್ಷಪಾತವಾಗಿ ಬರೆಯುವುದು ಕಷ್ಟ.

ಉಳಿದದ್ದು ಕ್ಷೇತ್ರಕಾರ್ಯ. ಕುತ್ತಿಗೆಗೆ ಬಟ್ಟೆ ಬಿಗಿದ ಮೇಲೆ ಸಂಶೋಧಕನ ಎರಡೂ ಕೈ ಒಳಗೆ ಬಂದಿ. ಟಿಪ್ಪಣಿ ಹಾಗಿರಲಿ, ಮೂಗು ತುರಿಸಿದರೂ ಗತಿಯಿಲ್ಲ. ತಹಶೀಲ್ದಾರರ ತಲೆಯಾದರೂ ಇಲ್ಲಿ ಒಂದು ಬೆರಳಿಗೆ ಬಾಗುತ್ತದೆ. ಆ ಭಂಗಿಯಲ್ಲೇ ಪ್ರಶ್ನೆ ಹಾಕಲಾಗಿ ಬಂದ ಉತ್ತರ: “ಕತ್ರಿಗೆ ಕೂದ್ಲು ಅಂಟ್ಕೊಂಡಿರುತ್ತೆ ಸಾರ್, ಉದುರ್ಲಿ ಅಂತ. ಮತ್ತೆ ಕೈ ನಿಂತ್ರೆ ಕೆಲ್ಸ ಎಳೆಯುತ್ತೆ. ಬೆಂಚ್ ನೋಡಿ ಒಂದ್ಸಲ.”

ಬೆಂಚಿನಲ್ಲಿದ್ದ ಪ್ರತಿಯೊಬ್ಬರಿಗೂ “ಇನ್ನೊಂದೇ ತಲೆ, ಕೂತ್ಕೊಳ್ಳಿ” ಎಂದು ಹೇಳಲಾಗಿತ್ತು. ಈ ‘ಒಂದೇ’ ಎಂಬ ಮಾನದಲ್ಲಿ, ಕುರ್ಚಿಯ ಮೇಲೆ ಹಲಗೆಯಿಟ್ಟು ಕೂರಿಸಿದ ಮಗು, “ಇವನದಾದ್ಮೇಲೆ ನಂದೊಂದು ಶೇವಿಂಗ್” ಎನ್ನುವ ಅದರ ಅಪ್ಪ, ಪೇಪರಿನ ಹಿಂದೆ ಡೈ ಒಣಗಿಸಿಕೊಳ್ಳುತ್ತಿರುವ ಯಜಮಾನರು ಎಲ್ಲರೂ ಅಡಕ. ಇಷ್ಟಾದರೂ ಯಾರೂ ಎದ್ದು ಹೋಗಬಾರದು. ಅನೇಕ ಅಂಗಡಿಗಳಲ್ಲಿ ಕೆಲಸಗಾರನಿಗೆ ಸಂಬಳವಿಲ್ಲ, ದುಡಿದದ್ದರಲ್ಲಿ ಮಾಲೀಕನೊಂದಿಗೆ ಅರ್ಧಕ್ಕರ್ಧ. ಕುರ್ಚಿ ಖಾಲಿಯಾದರೆ ಜೇಬೂ ಖಾಲಿ. 2020ರ ಲಾಕ್‌ಡೌನಿನಲ್ಲಿ ಎಲ್ಲ ಕುರ್ಚಿಗಳೂ ಒಟ್ಟಿಗೇ ಖಾಲಿಯಾದಾಗ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಿಸಿತು, ಒಂದೇ ಸಲಕ್ಕೆ. ಅದೇ ದಿನಗಳಲ್ಲಿ ವಿದ್ವಾಂಸರು ಹೆಂಡತಿಯ ಕೈಲಿ ಹೊಲಿಗೆ ಕತ್ತರಿಯಿಂದ ತಲೆ ಮಾಡಿಸಿಕೊಂಡರು. ಶೂನ್ಯಕರ್ತನವಿಲ್ಲದ ಕ್ಷೌರ ಹೇಗಿರುತ್ತದೆಂಬುದಕ್ಕೆ ಆ ಫೋಟೋಗಳೇ ಪ್ರಮಾಣ.

ಇನ್ನೊಂದು ವಿಚಿತ್ರ. ಅಂಗಡಿಯ ಅತಿ ಬೆಲೆಬಾಳುವ ವಸ್ತು ಕುರ್ಚಿ. ಭಾನುವಾರ ಬೆಳಗಿನಿಂದ ರಾತ್ರಿವರೆಗೆ ಅದರಲ್ಲಿ ಕೂರದವನು ಕ್ಷೌರಿಕನೊಬ್ಬನೇ. ಮೊಣಕೈ ಎತ್ತಿ ಹಿಡಿದೇ ಭುಜ ಸೋಲುತ್ತದೆ, ಮೀನಖಂಡದಲ್ಲಿ ನರ ಉಬ್ಬುತ್ತದೆ. ಈ ವೃತ್ತಿಯವರು ಕೂತದ್ದಕ್ಕೆ ಆಧಾರ ಬೇಕೆಂದರೆ 12ನೇ ಶತಮಾನದ ಕಲ್ಯಾಣಕ್ಕೇ ಹೋಗಬೇಕು: ಬಸವಣ್ಣನವರ ಆಪ್ತರಾದ ಹಡಪದ ಅಪ್ಪಣ್ಣನವರು ಶರಣರ ಸಾಲಿನಲ್ಲೇ ಕೂತರು, ವಚನ ಬರೆದರು; ಪತ್ನಿ ಲಿಂಗಮ್ಮನವರೂ ಬರೆದರು. ಆಮೇಲಿನ ಕುರ್ಚಿಗಳೆಲ್ಲ ಗಿರಾಕಿಗಳಿಗೇ ಹೋದಂತಿದೆ.

ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತೀರಿ ಎಂದು ಕೇಳುವ ಹೊತ್ತಿಗೆ ಕೆನ್ನೆಗೆ ನೊರೆ ಬಿದ್ದಿತ್ತು. ಆತ ಹೊಸ ಬ್ಲೇಡನ್ನು ಕಾಗದದ ಸಮೇತ ಬಗ್ಗಿಸಿ ಟಕ್ಕೆಂದು ಎರಡು ಮಾಡಿದ, ಒಂದರ್ಧವನ್ನು ನನ್ನೆದುರಿಗೇ ಕತ್ತಿಗೆ ಸಿಕ್ಕಿಸಿದ. “ಈಗ ಮಾತಾಡ್ಬೇಡಿ ಸಾರ್, ಕೊಯ್ದ್‌ಬಿಡುತ್ತೆ.” ಇನ್ನರ್ಧ ಮುಂದಿನವರಿಗೆಂದು ಡ್ರಾಯರಿಗೆ ಹೋಯಿತು. ಪ್ರಬಂಧದ ಇನ್ನರ್ಧವೂ ಮುಂದಿನ ಶೇವಿಂಗಿಗೆ.